ಹನ್ನೊಂದು ಎಣಿಸುವವರೆಗೆ

ಕನ್ನಡ ಟೀಚರಾಗಿ ನನಗೊಂದು ಚಟವಿತ್ತು. ವಾಕ್ಯದ ಅರ್ಧ ನಾನು ಹೇಳಿ ಉಳಿದರ್ಧವನ್ನು ಮಕ್ಕಳ ಬಾಯಿಗೆ ಬಿಡುತ್ತಿದ್ದೆ. "ರೈತನು ಹೊಲವನ್ನು ಉಳು..." ಎಂದು ದನಿ ಎಳೆದು ನಿಲ್ಲಿಸಿದೆನೆಂದರೆ ಕೋಣೆಯ ಹುಡುಗಿಯರೆಲ್ಲ ಒಟ್ಟಿಗೆ "...ತ್ತಾನೆ" ಎನ್ನುತ್ತಿದ್ದರು. "ಬೀಜವನ್ನು ಬಿತ್ತು..." "...ತ್ತಾನೆ." ಬ್ಯಾಡಗಿಯ ಒಂದು ಉರ್ದು ಮಾಧ್ಯಮದ ಹೈಸ್ಕೂಲಿನಲ್ಲಿ ಎರಡನೆಯ ಭಾಷೆಯಾಗಿ ಕನ್ನಡ ಕಲಿಸಿದಷ್ಟೂ ವರ್ಷ ನಾನು ಪಾಠ ಮಾಡಿದ್ದು ಹೀಗೆ. ವರಾಂಡದಲ್ಲಿ ಹಾದುಹೋಗುವ ಹೆಡ್ ಮಾಸ್ತರು ಆ ದನಿ ಕೇಳಿ, "ನಿಮ್ಮ ಕ್ಲಾಸು ಭಾಳ ಜೋರ್ ಐತ್ರಿ ಟೀಚರ್" ಎನ್ನುತ್ತಿದ್ದರು. ಸಂಜೆ ರಾಣೆಬೆನ್ನೂರಿನ ಪ್ಯಾಸೆಂಜರ್ ಗಾಡಿ ಹತ್ತುವಾಗ ಗಂಟಲು ಒಣಗಿರುತ್ತಿತ್ತು, ಮನಸ್ಸು ತುಂಬಿರುತ್ತಿತ್ತು.

ಚಟ ಮನೆಯವರೆಗೂ ಬಂದಿತ್ತು. "ಗ್ಯಾಸ್ ಬಂದ್ ಮಾಡೀ..." ಎಂದು ನಾನು ಅಡುಗೆಮನೆಯ ಕಡೆ ನೋಡಿದರೆ ನಮ್ಮ ಮನೆಯವರು "...ನಿ" ಎಂದು ಮುಗಿಸುತ್ತಿದ್ದರು. ಮದುವೆಯಾದ ಮೇಲೆ ಪಾಪ ಅವರೂ ನನ್ನ ವಿದ್ಯಾರ್ಥಿಯೇ ಆಗಿಬಿಟ್ಟಿದ್ದರು. ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಆದರೂ ಯಾವುದಾದರೂ ಶಾಲೆಯ ಕಿಟಕಿಯಿಂದ ಆ ಅರ್ಧ ಮಾತಿನ ದನಿ ಬಂದರೆ ನನ್ನ ಕಾಲು ತಾನೇ ನಿಲ್ಲುತ್ತದೆ. ಆ ದನಿಯ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು. ಒಂದು ಜೂನ್ ತಿಂಗಳಿನ ಎಂಟು ದಿನ ಅದಕ್ಕೆ ಕಾರಣ.

ಅಂದು ಶನಿವಾರ, ಬೆಳಗಿನ ಶಾಲೆ. ಮೆಣಸಿನಕಾಯಿ ಪೇಟೆಯಲ್ಲಿ ಹರಿದ ಚೀಲ ಹೊಲಿಯುವ ಒಬ್ಬರು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಅವರ ಹಿಂದೆ ಅವರ ಮಗಳು. ಹಿಂದಿನ ವರ್ಷ ನನ್ನ ಹತ್ತನೆಯ ತರಗತಿಯಲ್ಲಿ ಓದಿದ ಹುಡುಗಿ, ಕನ್ನಡದಲ್ಲಿ ಶಾಲೆಗೇ ಮೊದಲು ಬಂದವಳು. ಫಲಿತಾಂಶದ ದಿನ ನಾನೇ ಪೇಢೆ ಹಂಚಿದ್ದೆ.

"ಟೀಚರ್, ಕಾಲೇಜಿಗೆ ಹೋಗಂಗಿಲ್ಲ ಅಂತ ಕುಂತಾಳ್ರಿ" ಎಂದರು ತಂದೆ. "ನಿನ್ನೆ ರಾಣೆಬೆನ್ನೂರಿಗೆ ಕರ್ಕೊಂಡು ಹೋಗಿದ್ನಿ. ಪ್ರಿನ್ಸಿಪಾಲ್ ಸಾಹೇಬ್ರು ಮಾರ್ಕ್ಸ್ ಕಾರ್ಡ್ ನೋಡಿ ಖುಷಿ ಆದ್ರು. ಸೈನ್ಸ್ ಯಾಕ ಬೇಕವ್ವಾ ನಿನಗ ಅಂತ ಕೇಳಿದ್ರು. ಇಕಿ ಅವರ ಬಾಯಿ ನೋಡ್ಕೋತ ನಿಂತ್ಳು. ಮತ್ತ ಕೇಳಿದ್ರು, ಮತ್ತೂ ಬಾಯಿ ನೋಡ್ಕೋತ ನಿಂತ್ಳು. ನಾವು ಪಾಠ ಎಲ್ಲಾ ಕನ್ನಡದಾಗ ತಿಳಿಸಿ ಹೇಳ್ತೇವಿ, ಕೇಳಿದ್ದಕ್ಕ ಒಂದ್ ಮಾತೂ ಆಡದಾಕಿ ಹ್ಯಾಂಗ ಕಲೀತಾಳ ಅಂದ್ರು. ಮುಂದಿನ ಶನಿವಾರ ಕಡೀ ದಿನ ಐತಂತ. ಅವತ್ತ ಬಂದು ಮಾತಾಡಿದ್ರ ಸೀಟು, ಇಲ್ಲಾಂದ್ರ ಬ್ಯಾರೇದವರಿಗೆ ಕೊಡತೇನಿ ಅಂದ್ರು. ಇಕಿ ನೋಡಿದ್ರ ಬರಂಗಿಲ್ಲ ಅಂತಾಳ. ಓದ್ಲಿ ಅಂತ ನನಗ ಭಾಳ ಆಸೆ ಐತ್ರಿ."

ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ವಿದ್ಯಾರ್ಥಿನಿಗೆ ಕನ್ನಡ ಬರುವುದಿಲ್ಲವೆಂದು ಇನ್ನೊಬ್ಬರು ಹೇಳುವುದೆಂದರೇನು? ಹುಡುಗಿಯ ಕಡೆ ತಿರುಗಿ, "ಯಾಕವ್ವಾ, ಬಾಯಿಗೆ ಬೀಗ ಹಾಕ್ಕೊಂಡಿದ್ಯೇನು?" ಎಂದೆ.

ಅವಳು ನನ್ನ ಬಾಯಿಯನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅವರು ಶುರು ಮಾಡ್ತಾರ ಅಂತ ನಿಂತಿದ್ನಿರಿ ಟೀಚರ್."

ಸೋಮವಾರದಿಂದ ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು ಬಾ ಎಂದು ಹೇಳಿ ಕಳಿಸಿದೆ.

ಮಧ್ಯಾಹ್ನದ ಗಾಡಿಯಲ್ಲಿ ಕೂತಾಗ ನನಗೆ ಹಾವೇರಿಯಲ್ಲಿ ನಡೆದ ಶಿಕ್ಷಕರ ತರಬೇತಿ ನೆನಪಾಯಿತು. ಹಿಂದಿನ ಚಳಿಗಾಲದಲ್ಲಿ ಅಲ್ಲಿ ನನ್ನ ಮಗಳ ವಯಸ್ಸಿನ ತರಬೇತುದಾರಳು ನಮಗೊಂದು ಕೆಲಸ ಕೊಟ್ಟಿದ್ದಳು. ನಿಮ್ಮದೇ ಒಂದು ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನೋಟುಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನೀವು ಆಡಿದ್ದು, ಬಲಕ್ಕೆ ಮಕ್ಕಳು ಆಡಿದ್ದು. ತಿದ್ದದೆ, ಆಡಿದ್ದನ್ನು ಆಡಿದ ಹಾಗೆ ಬರೆಯಿರಿ. ನಾನು ರೆಕಾರ್ಡ್ ಮಾಡಿದ್ದೆ, ಬರೆದಿರಲಿಲ್ಲ. ನನ್ನ ಮಾತು ನನಗೆ ಗೊತ್ತಿಲ್ಲವೇ ಎಂಬ ಸೊಕ್ಕು.

ಇಯರ್‌ಫೋನ್ ಹಾಕಿಕೊಂಡು ಅದನ್ನು ಹಚ್ಚಿದೆ. ದೇವರಗುಡ್ಡ ಸ್ಟೇಷನ್ ದಾಟುವ ಹೊತ್ತಿಗೆ ಒಂದು ನಿಮಿಷದ ಮಾತೂ ಬರೆದಾಗಿರಲಿಲ್ಲ. ಹಚ್ಚು, ನಿಲ್ಲಿಸು, ಬರೆ, ಹಿಂದಕ್ಕೆ ಒಯ್ಯಿ, ಮತ್ತೆ ಕೇಳು. ಭಾನುವಾರ ಇಡೀ ದಿನ ಅದೇ ಆಯಿತು. ಸಂಜೆಗೆ ನೋಡಿದರೆ ಎಡಗಡೆ ಜಾಗ ಸಾಲದೆ ನನ್ನ ಮಾತು ಗೆರೆ ದಾಟಿ ಬಂದಿತ್ತು. ಬಲಗಡೆ "ತ್ತಾನೆ", "ತ್ತದೆ", "ಹೌದು ಟೀಚರ್", "ತ್ತಾರೆ". ಬರೀ ಬಾಲಗಳು, ಒಂದಕ್ಕೂ ತಲೆಯಿಲ್ಲ.

ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತೇನೆಂದು ನೋಡಲು ಕೈಗಡಿಯಾರ ಇಟ್ಟುಕೊಂಡೆ. ಎರಡು ಎಣಿಸುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ಒಗ್ಗರಣೆಯ ಸಾಸಿವೆಗಾದರೂ ಇದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ. ಕೇಳಿದ ಪ್ರಶ್ನೆಗಳ ಸುತ್ತ ಪೆನ್ಸಿಲ್ ಗೆರೆ ಹಾಕುತ್ತ ಹೋದೆ. ಉತ್ತರ ನನಗೆ ಗೊತ್ತಿಲ್ಲದೆ, ನಿಜವಾಗಿ ತಿಳಿದುಕೊಳ್ಳಲೆಂದು ಕೇಳಿದ ಪ್ರಶ್ನೆ ಒಂದೂ ಇರಲಿಲ್ಲ.

ಪಾಠದ ಕೊನೆಯ ಹೊತ್ತಿನಲ್ಲಿ ಒಂದು ಒಂಟಿ ದನಿ ಸಿಕ್ಕಿತು. ಅದೇ ಹುಡುಗಿಯದು. "ಟೀಚರ್, ಈ ಕೆಂಪು..." ಅಷ್ಟರಲ್ಲಿ ನನ್ನ ದನಿ: "ಹ್ಞಾಂ, ಆಮ್ಯಾಲೆ ನೋಡೂಣು. ಈಗ ಎಲ್ಲಾರೂ ಹೇಳ್ರಿ, ಬೆಳೆಯು ಮಾರುಕಟ್ಟೆಗೆ ಬರು..." "...ತ್ತದೆ." ಏನು ಕೆಂಪು, ಏನು ಕೇಳಲಿದ್ದಳು, ನನಗೆ ನೆನಪೇ ಇರಲಿಲ್ಲ. ಇಡೀ ನೋಟುಬುಕ್ಕಿನ ಬಲಗಡೆ ಯಾರೋ ಶುರು ಮಾಡಿದ ಮಾತೆಂದರೆ ಅದೊಂದೇ. ಅದನ್ನೂ ನಾನು ತುಳಿದಿದ್ದೆ.

ಸೋಮವಾರ ಹುಡುಗಿ ಬಂದಳು. ಕಾಯಬೇಕೆಂದು ಗಟ್ಟಿ ಮಾಡಿಕೊಂಡೇ ಕೂತಿದ್ದೆ. "ಸೈನ್ಸ್ ಯಾಕ ಬೇಕು?" ಎಂದು ಕೇಳಿ ಮನಸ್ಸಿನಲ್ಲೇ ಎಣಿಸತೊಡಗಿದೆ. ನಾಲ್ಕಕ್ಕೆ ನನ್ನ ನಾಲಿಗೆ ತುರಿಸಿತು. "ಡಾಕ್ಟರ್ ಆಗಾಕೇನು, ನರ್ಸ್ ಆಗಾಕೇನು, ಅಥವಾ ನಮ್ಮಂಗ ಟೀಚರ್..." ಎಂದು ನಾನೇ ಹೇಳಿಬಿಟ್ಟೆ. ಅವಳು "ಹೌದು ಟೀಚರ್" ಎಂದಳು. ಯಾವುದಕ್ಕೆ ಹೌದೋ.

ಮಂಗಳವಾರ ತುಟಿ ಕಚ್ಚಿ ಹಿಡಿದು ಎಂಟರವರೆಗೆ ಹೋದೆ. ಅವಳ ಕಣ್ಣಲ್ಲಿ ನೀರು ಬಂತು. "ನಾ ಏನ್ ತಪ್ಪ ಮಾಡೀನ್ರಿ ಟೀಚರ್?" ಎಂದಳು. ಆಗ ಹೊಳೆಯಿತು. ನಮ್ಮ ಶಾಲೆಗಳಲ್ಲಿ ಟೀಚರ್ ಸುಮ್ಮನಾದರೆ ಅದು ಸಿಟ್ಟು. ಮಾತು ನಿಂತಿತೆಂದರೆ ಮುಂದೆ ಬೈಗುಳವೋ ಬೆತ್ತವೋ ಬರುತ್ತದೆಂದು ಒಂದನೆಯ ತರಗತಿಯಿಂದಲೇ ಮಕ್ಕಳಿಗೆ ಗೊತ್ತು. ನಾನು ಅವಳಿಗೆ ಕೊಟ್ಟದ್ದು ಸಮಯವಲ್ಲ, ಭಯ.

ಬುಧವಾರ ಹೆಡ್ ಮಾಸ್ತರು ಒಳಗೆ ಇಣುಕಿದರು. "ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ಟೀಚರ್? ನಾಕು ವಾಕ್ಯ ಬರದ ಕೊಡ್ರಿ, ಬಾಯಿಪಾಠ ಮಾಡ್ಲಿ" ಎಂದರು. ಮನಸ್ಸಿಗೆ ಬಾರದಿದ್ದರೂ ದಿನ ಉಳಿದಿರಲಿಲ್ಲ. "ನಾನು ವಿಜ್ಞಾನವನ್ನು ಅಭ್ಯಸಿಸಿ ಸಮಾಜದ ಸೇವೆಯನ್ನು ಮಾಡಬಯಸುತ್ತೇನೆ" ಎಂದು ಶುರುವಾಗುವ ನಾಲ್ಕು ವಾಕ್ಯ ಬರೆದುಕೊಟ್ಟೆ. ಕಾಲು ತಾಸಿನಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಪರೀಕ್ಷೆ ಮಾಡಲೆಂದು, "ನಿನಗ ಯಾವ ವಿಷಯ ಭಾಳ ಸೇರತೈತಿ?" ಎಂದೆ. "ನಾನು ವಿಜ್ಞಾನವನ್ನು ಅಭ್ಯಸಿಸಿ" ಎಂದು ಮತ್ತೆ ಶುರು ಮಾಡಿದಳು. "ಮನಿ ಎಲ್ಲೈತಿ?" ಎಂದರೂ "ಸಮಾಜದ ಸೇವೆಯನ್ನು" ಎಂಬಲ್ಲಿಗೆ ಬಂದಳು. ಇಬ್ಬರಿಗೂ ನಗು ಬಂತು, ಆಮೇಲೆ ಅವಳು ಅತ್ತಳು. ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟು ಹೋದಳು.

ಗುರುವಾರ ಅವಳು ಬರಲಿಲ್ಲ. ಒಂದು ತಾಸು ಕಾದು, ಕೊಡೆ ಹಿಡಿದುಕೊಂಡು ನಾನೇ ಪೇಟೆಯ ಕಡೆ ಹೊರಟೆ. ಅವಳ ತಂದೆ ಕೆಲಸ ಮಾಡುವ ಗೋದಾಮಿನ ಕಟ್ಟೆ ಇನ್ನೂ ಸ್ವಲ್ಪ ದೂರವಿದ್ದಾಗಲೇ ಒಂದು ಹೆಣ್ಣುದನಿ ಕೇಳಿಸಿತು.

"ಚೀಲ ಹಿಂಗ ಎತ್ತಿ ಒಗದ್ರ ಹರೀದ ಏನಾಕ್ಕಾವ್ರಿ ಕಾಕಾ? ನಿನ್ನೆ ಹೊಲದದ್ದು ಇವತ್ತ ಮತ್ತ ಬಾಯಿ ಬಿಟ್ಟೈತಿ. ನೀವು ಒಗೀರಿ, ನಮ್ಮ ಅಬ್ಬಾ ಹೊಲಕೋತ ಕುಂದ್ರಲಿ. ಚಲೋ ಐತ್ರಿ ನಿಮ್ಮ ನ್ಯಾಯ."

ನನ್ನ ಹುಡುಗಿಯೇ. ಎದುರಿಗೆ ಒಬ್ಬ ಹಮಾಲ, ಹಿರಿಯ, ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಉಸಿರು ಬಿಡದೆ ಮಾತಾಡುತ್ತಿದ್ದವಳು ನನ್ನನ್ನು ಕಂಡದ್ದೇ ತಡ, ಬಾಯಿ ಮುಚ್ಚಿಕೊಂಡು ಎದ್ದು ನಿಂತಳು. ಇಷ್ಟು ಕನ್ನಡ ಇಟ್ಟುಕೊಂಡ ಹುಡುಗಿ ನನ್ನ ಕೋಣೆಯೊಳಗೆ ಮೂರು ವರ್ಷ ಬಾಲ ಹೇಳಿಕೊಂಡು ಕೂತಿದ್ದಳಲ್ಲ. ಒಂದೊಂದು ಸಲ ಹೀಗೆ ಬಾಯಿ ತೆರೆದಾಗಲೂ ನಾನು ಪುಸ್ತಕದ ಮಾತಿಗೆ ತಿದ್ದಿ ಕೂರಿಸಿದ್ದಿರಬೇಕು.

ಬೈಯಲು ಬಂದವಳಿಗೆ ಬೈಯಲು ಏನೂ ಉಳಿಯಲಿಲ್ಲ. ಚೀಲದ ರಾಶಿಯ ಮೇಲೆ ಕೂತು, "ನನಗೂ ಒಂದ್ ದಬ್ಬಣ ಕೊಡು. ಹ್ಯಾಂಗ ಹೊಲೀತಾರ ಕಲಿಸು" ಎಂದೆ. ತಂದೆ ಗಾಬರಿಯಾಗಿ, "ಬ್ಯಾಡ್ರಿ ಟೀಚರ್, ಕೈಗೆ ಚುಚ್ಚತೈತಿ" ಎಂದರು. ನಾನು ಕೇಳಲಿಲ್ಲ. ಹುಡುಗಿ ದಬ್ಬಣಕ್ಕೆ ಸುತಳಿ ಪೋಣಿಸಿ ಕೊಟ್ಟಳು, ಹರಿದ ಚೀಲವೊಂದನ್ನು ನನ್ನ ತೊಡೆಯ ಮೇಲೆ ಹಾಕಿದಳು, ಎದುರಿಗೆ ಕೂತು ಪಾಠ ಶುರು ಮಾಡಿದಳು.

"ಮೊದಲ ಎರಡೂ ಅಂಚು ಕೂಡಿಸಿ ಹಿಡಕೋ..." ಎಂದು ದನಿ ಎಳೆದು ನಿಲ್ಲಿಸಿದಳು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "...ಬೇಕು" ಎಂದೆ.

"ಒಳಗಿಂದ ಚುಚ್ಚಿ ಹೊರಗ ಎಳಿ..."

"...ಬೇಕು."

"ಎರಡ್ ಹೊಲಿಗಿ ಆದ ಮ್ಯಾಲೆ ಒಂದ್ ಗಂಟ ಹಾಕ..."

"...ಬೇಕು."

ತಂದೆ ಬಾಯಿಗೆ ಟವೆಲ್ ಹಿಡಿದು ನಗತೊಡಗಿದರು. "ಥೇಟ್ ನೀವ ಕುಂತಂಗ ಆಗೈತ್ರಿ ಟೀಚರ್" ಎಂದರು. ಹುಡುಗಿಗೆ ತಾನು ಏನು ಮಾಡುತ್ತಿದ್ದೇನೆಂಬುದು ಗೊತ್ತೇ ಇರಲಿಲ್ಲ. ಕಲಿಸುವುದೆಂದರೆ ಹೀಗೆಂದೇ ಅವಳು ತಿಳಿದಿದ್ದಳು. ಇತ್ತ ನಾನು ತಪ್ಪಿಲ್ಲದೆ ಬೇಕು, ಬೇಕು ಎನ್ನುತ್ತಲೇ ಇದ್ದೆ. ಚೀಲ ಎತ್ತಿ ನೋಡಿದರೆ ಹೊಲಿಗೆ ಒಂದೂ ಕೂತಿರಲಿಲ್ಲ. ಎಳೆದರೆ ಸುತಳಿ ಪೂರ್ತಿ ಕೈಗೆ ಬಂತು.

"ಹಿಂಗ ಬರಂಗಿಲ್ಲವ್ವಾ" ಎಂದೆ. "ನೀ ಸುಮ್ನ ಕುಂದ್ರು. ನಾ ಮಾಡತೇನಿ, ತಪ್ಪಿದ್ರ ಅಷ್ಟ ಹೇಳು."

ಅವಳು ಸುಮ್ಮನಾದಳು. ನಾನು ಚುಚ್ಚಿದೆ, ಬಿಚ್ಚಿದೆ, ಮತ್ತೆ ಚುಚ್ಚಿದೆ. ದಬ್ಬಣ ಕಸಿದುಕೊಳ್ಳಲು ಅವಳ ಬೆರಳು ಹಾತೊರೆಯುತ್ತಿದ್ದವು. ಆದರೂ ಅವಳು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಾದಳು. ಬಹಳ ಹೊತ್ತಿನ ಮೇಲೆ ಒಂದು ಗೇಣು ಹೊಲಿಗೆ ನಿಂತಿತು. ಸೊಟ್ಟಗಿತ್ತು, ಆದರೆ ಎಳೆದರೆ ಬಿಚ್ಚಲಿಲ್ಲ.

"ಈಗ ಇಷ್ಟೊತ್ತು ಸುಮ್ನ ಕುಂತಿದ್ಯಲ್ಲ, ನನ್ನ ಮ್ಯಾಲೆ ಸಿಟ್ಟಿತ್ತೇನು?" ಎಂದು ಕೇಳಿದೆ.

"ಇಲ್ರಿ. ನೀವು ಮಾಡ್ತೀರಿ ಅಂತ ದಾರಿ ನೋಡಾಕತ್ತಿದ್ನಿ."

"ನಾಳೆ ನಾನೂ ಹಂಗ ದಾರಿ ನೋಡತೇನಿ. ಅಂಜಬ್ಯಾಡ. ಈಗ ಆ ಕಾಕಾನ ಕೂಡ ಮಾತಾಡಿದ್ಯಲ್ಲ, ಆ ಕನ್ನಡಾನ ತಗೊಂಡು ಬಾ. ನಾ ತಿದ್ದಂಗಿಲ್ಲ."

ಕೊನೆಯ ಮಾತು ಆಡುವಾಗ ನನ್ನೊಳಗಿನ ಕನ್ನಡ ಟೀಚರಿಗೆ ಜೀವ ಹೋದಂತಾಯಿತು. ಆದರೂ ಆಡಿದೆ. ಆ ಎಂಟು ದಿನದಲ್ಲಿ ನಾನು ಮಾಡಿದ ಗಟ್ಟಿ ನಿರ್ಧಾರ ಅದೊಂದೇ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವಳು ಬಂದಳು. ಮೇಜಿನ ಮೇಲೆ ಮೊಬೈಲ್ ಇಟ್ಟು ರೆಕಾರ್ಡಿಗೆ ಹಚ್ಚಿದೆ. ನಾನು ಎಲ್ಲಿ ಜಾರುತ್ತೇನೆಂದು ಆಮೇಲೆ ನೋಡಬೇಕಿತ್ತು. "ಸೈನ್ಸ್ ಯಾಕ ಬೇಕು ನಿನಗ? ನನಗ ಖರೇನ ಗೊತ್ತಿಲ್ಲ, ಅದಕ್ಕ ಕೇಳಾಕತ್ತೇನಿ" ಎಂದು ಹೇಳಿ, ಅವಳ ಹಾಗೆಯೇ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಒಂದು, ಎರಡು, ಮೂರು. ಮೇಲೆ ಫ್ಯಾನು ಕಿರ್ ಎನ್ನುತ್ತಿತ್ತು. ಐದಕ್ಕೆ ಅವಳು ನನ್ನ ಬಾಯಿ ನೋಡುವುದನ್ನು ಬಿಟ್ಟಳು. ಎಂಟಕ್ಕೆ ದೂರದಲ್ಲಿ ಗಾಡಿ ಕೂಗಿತು. ಹನ್ನೊಂದು ಎಣಿಸಿದಾಗ ಅವಳು ಬಾಯಿ ತೆರೆದಳು.

"ನನಗ ಒಂದ್ ವಿಚಾರ ಐತ್ರಿ ಟೀಚರ್. ನಮ್ಮೂರ ಮೆಣಸಿನಕಾಯಿ ಇಷ್ಟ್ ಕೆಂಪಗಿರತೈತಿ, ಖಾರ ಕಮ್ಮಿ. ಬ್ಯಾರೆ ಕಡಿಂದ ಬರೋ ಕಾಯಿ ಇಷ್ಟ್ ಕೆಂಪಿರಂಗಿಲ್ಲ, ಮುಟ್ಟಿದ್ರ ಕೈ ಉರೀತೈತಿ. ಅಂದ್ರ ಕೆಂಪು ಬ್ಯಾರೆ, ಖಾರ ಬ್ಯಾರೆ. ಕಾಯಿ ಒಳಗ ಖಾರ ಎಲ್ಲಿರತೈತಿ, ಕೆಂಪು ಎಲ್ಲಿರತೈತಿ? ಅಬ್ಬಾಗ ಕೇಳಿದ್ರ ದೇವ್ರು ಹಂಗ ಮಾಡ್ಯಾನ ಅಂತಾರ. ಮಾಡ್ಯಾನ ಖರೇ, ಹ್ಯಾಂಗ ಮಾಡ್ಯಾನ ಅಂತ ನನಗ ನೋಡಬೇಕೈತಿ." ಸ್ವಲ್ಪ ತಡೆದು ಹೇಳಿದಳು: "ಕ್ಲಾಸಿನ್ಯಾಗ ನಿಮಗೂ ಒಮ್ಮೆ ಕೇಳಾಕ ಹೋಗಿದ್ನಿರಿ. ನೀವು ಆಮ್ಯಾಲೆ ಅಂದ್ರಿ."

ಆ ಕೆಂಪು ಇದು. ಚಳಿಗಾಲದಿಂದ ಜೂನಿನವರೆಗೆ ಹುಡುಗಿ ನನ್ನ ಆಮೇಲೆಯನ್ನು ಕಾದಿದ್ದಳು. "ನನಗ ಗೊತ್ತಿಲ್ಲವ್ವಾ" ಎಂದೆ. ಆ ಕೋಣೆಯಲ್ಲಿ ಆ ಮಾತನ್ನು ನಾನು ಅದೇ ಮೊದಲ ಸಲ ಆಡಿದ್ದು. ಅವಳು ಖುಷಿಯಿಂದ ನಕ್ಕಳು.

ಶನಿವಾರ ರಜೆ ಹಾಕಿ ರಾಣೆಬೆನ್ನೂರಿನ ಕಾಲೇಜಿಗೆ ನಾನೂ ಹೋದೆ. ಒಳಗೆ ಹೋಗಲಿಲ್ಲ. ಹೋದರೆ ನಾನೇ ಮಾತಾಡುತ್ತೇನೆಂದು ನನಗೆ ಗೊತ್ತಿತ್ತು. ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವಳ ತಂದೆಯ ಪಕ್ಕ ಕೂತೆ. ಬಾಗಿಲು ತೆರೆದೇ ಇತ್ತು.

"ಇವತ್ತಾದ್ರೂ ಮಾತಾಡ್ತೀಯೇನವ್ವಾ?" ಪ್ರಿನ್ಸಿಪಾಲರ ದನಿ ಒಳ್ಳೆಯದೇ ಇತ್ತು. "ಸೈನ್ಸ್ ಯಾಕ ಬೇಕು?"

ನಾನು ಎಣಿಸತೊಡಗಿದೆ. ನಾಲ್ಕಕ್ಕೆ ಅವರಿಗೂ ತಡೆಯಲಾಗಲಿಲ್ಲ. ಅವರೂ ನನ್ನ ಹಾಗಿನ ಮಾಸ್ತರೇ. ಹುಡುಗಿಗೆ ಸಹಾಯ ಮಾಡಲೆಂದು, "ಹೇಳು, ಡಾಕ್ಟರ್ ಆಗಬೇ..." ಎಂದು ದನಿ ಎಳೆದು ನಿಲ್ಲಿಸಿದರು.

ಒಂದೇ ಒಂದು ಅಕ್ಷರ ಸಾಕಿತ್ತು. ಕು ಎಂದರೆ ಅವರು ನಕ್ಕು ಸಹಿ ಹಾಕಿಬಿಡುತ್ತಿದ್ದರೋ ಏನೋ. ಆ ಅಕ್ಷರ ಹೇಳುವುದನ್ನೇ ನಾನು ಅವಳಿಗೆ ವರ್ಷಗಟ್ಟಲೆ ಕಲಿಸಿದ್ದೆ.

"ಇಲ್ರಿ ಸರ್" ಎಂದಿತು ಹುಡುಗಿಯ ದನಿ. "ಸ್ವಲ್ಪ ತಡೀರಿ. ನಾ ಹೇಳ್ತೇನಿ."

ಪಕ್ಕದಲ್ಲಿ ತಂದೆ ನನ್ನ ಕೊಡೆಯನ್ನು ಗಟ್ಟಿಯಾಗಿ ಹಿಡಿದರು. ನಾನು ಮತ್ತೆ ಒಂದರಿಂದ ಎಣಿಸತೊಡಗಿದೆ. ಆಮೇಲೆ ಮೆಣಸಿನಕಾಯಿ ಬಂತು, ಕೆಂಪು ಬಂತು, ಖಾರ ಬಂತು. ನನ್ನೆದುರು ಹೇಳಿದ ಹಾಗಲ್ಲ, ಬೇರೆಯೇ ರೀತಿಯಲ್ಲಿ, ನಡುವೆ ಎರಡು ಸಲ ತಡವರಿಸಿ, ಕೊನೆಗೆ, "ಖಾರ ಎಲ್ಲಿರತೈತಿ, ನಿಮಗ ಗೊತ್ತೈತೇನ್ರಿ ಸರ್?" ಎಂಬಲ್ಲಿಗೆ.

"ಅದು... ಅದು ಏನಂದ್ರ..." ಎಂದರು ಪ್ರಿನ್ಸಿಪಾಲರು. ಹುಡುಗಿ ಅವರ ವಾಕ್ಯವನ್ನು ಮುಗಿಸಿಕೊಡಲಿಲ್ಲ. ಆಮೇಲೆ ಅವರು ದೊಡ್ಡದಾಗಿ ನಕ್ಕದ್ದೂ ಫಾರ್ಮಿನ ಮೇಲೆ ಪೆನ್ನು ಆಡಿದ್ದೂ ಕೇಳಿಸಿತು.

ಅಂದಿನಿಂದ ನಾನು ಪೂರ್ತಿ ಬದಲಾದೆನೆಂದರೆ ಸುಳ್ಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ದಿನಕ್ಕೆ ಒಂದೆರಡಾದರೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವುದು, ಕೇಳಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವುದು, ಇಷ್ಟನ್ನು ಮಾತ್ರ ಬಿಡಲಿಲ್ಲ. "ಏನ್ರಿ ಟೀಚರ್, ನಿಮ್ಮ ಕ್ಲಾಸು ತಣ್ಣಗಾಗೈತಿ" ಎಂದು ಹೆಡ್ ಮಾಸ್ತರು ಹೇಳುವಷ್ಟಾಯಿತು. ಹುಡುಗಿ ಈಗ ಹಾವೇರಿಯಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಒಮ್ಮೆ ಫೋನು ಮಾಡಿ, ಕೆಂಪು ಸಿಪ್ಪೆಯಲ್ಲಿರುತ್ತದೆ, ಖಾರ ಬೀಜ ಅಂಟಿಕೊಂಡ ಒಳಗಿನ ಬಿಳಿ ತಿರುಳಿನಲ್ಲಿರುತ್ತದೆ, ಎರಡರ ಮನೆಯೂ ಬೇರೆ ಬೇರೆ ಎಂದು ತಿಳಿಸಿ ಹೇಳಿದಳು.

ಆ ಶುಕ್ರವಾರದ ರೆಕಾರ್ಡು ಇನ್ನೂ ನನ್ನ ಹತ್ತಿರ ಇದೆ. ಎರಡು ಫೋನು ಬದಲಾದರೂ ಅದನ್ನು ದಾಟಿಸಿಕೊಂಡು ಬಂದಿದ್ದೇನೆ. ಶಾಲೆ ನೆನಪಾದಾಗ ಹಚ್ಚುತ್ತೇನೆ. ಮೊದಲು ನನ್ನ ಪ್ರಶ್ನೆ, ಆಮೇಲೆ ಏನೂ ಇಲ್ಲ. ಏನೂ ಇಲ್ಲದ ಆ ಹೊತ್ತಿನಲ್ಲಿ ನನ್ನ ಶಾಲೆಯೆಲ್ಲ ಇದೆ. ಫ್ಯಾನಿನ ಕಿರ್ ಸದ್ದು, ವರಾಂಡದಲ್ಲಿ ಯಾರೋ ಚಪ್ಪಲಿ ಎಳೆಯುತ್ತ ಹೋಗುವುದು, ದೂರದಲ್ಲಿ ಕೂಗುವ ಗಾಡಿ. ಎಷ್ಟು ಸಲ ಕೇಳಿದರೂ ನನಗೆ ಸಾಕೆನಿಸುವುದಿಲ್ಲ.

ನಿನ್ನೆ ಸಂಜೆಯೂ ಹಚ್ಚಿಕೊಂಡು ಕೂತಿದ್ದೆ. ನಮ್ಮ ಮನೆಯವರು ಒಳಗಿನಿಂದ, "ಏನ ಅದು, ಏನೂ ಕೇಳವಲ್ತು. ಫೋನ್ ಕೆಟ್ಟೇ..." ಎಂದು ನನ್ನದೇ ಧಾಟಿಯಲ್ಲಿ ನಿಲ್ಲಿಸಿದರು.

ನಾನು ಮುಗಿಸಲಿಲ್ಲ. "ತಡೀರಿ" ಎಂದೆ. "ಈಗ ಮಾತಾಡ್ತಾಳ."

ಅವರು ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ದಾರಿ ನೋಡಿದೆವು.

"ನನಗ ಒಂದ್ ವಿಚಾರ ಐತ್ರಿ ಟೀಚರ್" ಎಂದಳು ಹುಡುಗಿ.